ನರ 5 ಸಲ, ರೆಕ್ಕೆ 200 ಸಲ: ಕೀಟದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಏನು ಮಾಡುತ್ತದೆ?

ಪ್ರಶ್ನೆ: ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಸ್ನಾಯು ಕುಗ್ಗಬೇಕಾದರೆ ನರದಿಂದ ಸಂಕೇತ ಬರಬೇಕು, ಕ್ಯಾಲ್ಸಿಯಂ ಬಿಡುಗಡೆಯಾಗಬೇಕು, ಅದು ಟ್ರೋಪೋನಿನ್‌ಗೆ ಅಂಟಬೇಕು, ಸಡಿಲವಾಗಬೇಕಾದರೆ ಕ್ಯಾಲ್ಸಿಯಂ ವಾಪಸ್ ಹೋಗಬೇಕು ಅಂತ ಪಾಠದಲ್ಲಿದೆ. ಒಬ್ಬ ಹುಡುಗ ಎದ್ದು ನಿಂತು, "ಸೊಳ್ಳೆ ಸೆಕೆಂಡಿಗೆ 500 ಸಲ ರೆಕ್ಕೆ ಬಡಿಯುತ್ತದಲ್ಲ ಸಾರ್, ಪ್ರತಿ ಸಲವೂ ಇಷ್ಟೆಲ್ಲ ನಡೆಯುತ್ತಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ವಿಷಯ. ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಸೈನಿಕ ಹುಳುವಿಗೆ ಕೊರಾಜನ್ ಹೊಡೆದರೆ ಹುಳು ಕೂಡಲೇ ಸಾಯುವುದಿಲ್ಲ, ಆದರೆ ತಿನ್ನುವುದನ್ನು ನಿಲ್ಲಿಸುತ್ತದೆ. ಆ ಔಷಧಿಯೂ ಕ್ಯಾಲ್ಸಿಯಂ ಮೂಲಕವೇ ಕೆಲಸ ಮಾಡುತ್ತದೆ ಅಂತ ಕೇಳಿದೆ. ನಿಜವೇ?

ಉತ್ತರ:

ಇಲ್ಲ, ನಡೆಯುವುದಿಲ್ಲ. ಆ ಹುಡುಗನಿಗೆ ಬಂದ ಅನುಮಾನ 1940ರ ದಶಕದಲ್ಲಿ ದೊಡ್ಡ ದೊಡ್ಡ ಕೀಟತಜ್ಞರಿಗೂ ಬಂದಿತ್ತು. ಸೊಳ್ಳೆಯ ಹಾರಾಟದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಒಂದು ಮಟ್ಟಕ್ಕೆ ಏರಿ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ. ಪ್ರತಿ ಬಡಿತಕ್ಕೂ ಏರಿ ಇಳಿಯುವುದಿಲ್ಲ. ಒಂದೊಂದು ಬಡಿತವನ್ನೂ ಶುರು ಮಾಡುವುದು ಎಳೆತ. ಸ್ನಾಯುವನ್ನು ಹಿಡಿದು ಸ್ವಲ್ಪ ಎಳೆದರೆ ಸಾಕು, ಅದು ತಿರುಗಿ ಕುಗ್ಗುತ್ತದೆ. ಕ್ಯಾಲ್ಸಿಯಂ ಹಿಡಿಯುವ ಒಂದು ಪುಟ್ಟ ಪ್ರೋಟೀನಿನಲ್ಲಿ ಆಗಿರುವ ಬದಲಾವಣೆ ಇದಕ್ಕೆ ದಾರಿ ಮಾಡಿದೆ. ಇದನ್ನು ವಿವರವಾಗಿ ಹೇಳುತ್ತೇನೆ. ಹುಳುವಿನ ವಿಷಯ ಕೊನೆಗೆ.

ಮೊದಲು ಪಾಠದಲ್ಲಿರುವ ಮಾಮೂಲಿ ಸ್ನಾಯು. ವಿಶ್ರಾಂತಿಯಲ್ಲಿರುವ ಜೀವಕೋಶದ ಒಳಗೆ ಕ್ಯಾಲ್ಸಿಯಂ ತುಂಬಾ ಕಡಿಮೆ, ಹೊರಗಿರುವುದರ ಸುಮಾರು 10,000ದಲ್ಲಿ ಒಂದು ಪಾಲು. ಸ್ನಾಯುವಿನೊಳಗೆ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಚೀಲಗಳ ಜಾಲವಿದೆ. ಕ್ಯಾಲ್ಸಿಯಂ ಅಲ್ಲಿ ತುಂಬಿಕೊಂಡಿರುತ್ತದೆ. ನರದ ಸಂಕೇತ ಬಂದಾಗ ಆ ಚೀಲದ ಬಾಗಿಲು ತೆರೆಯುತ್ತದೆ. ಬಾಗಿಲಿನ ಹೆಸರು ರಯನೋಡಿನ್ ರಿಸೆಪ್ಟರ್. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಎರಡನೇ ಪ್ರಶ್ನೆಗೆ ಬೇಕು.

ಹೊರಬಂದ ಕ್ಯಾಲ್ಸಿಯಂ ಟ್ರೋಪೋನಿನ್ ಸಿ ಎಂಬ ಪ್ರೋಟೀನಿಗೆ ಅಂಟುತ್ತದೆ. ಟ್ರೋಪೋನಿನ್ ಅನ್ನುವುದು ಒಂಟಿ ಪ್ರೋಟೀನ್ ಅಲ್ಲ, ಮೂರರ ಜೋಡಣೆ. ಸಿ ಕ್ಯಾಲ್ಸಿಯಂ ಹಿಡಿಯುತ್ತದೆ. ಐ ಸ್ನಾಯುವನ್ನು ತಡೆದು ಇಟ್ಟಿರುತ್ತದೆ. ಟಿ ಇವೆರಡನ್ನೂ ಟ್ರೋಪೋಮಯೋಸಿನ್ ಎಂಬ ಉದ್ದನೆಯ ಎಳೆಗೆ ಕಟ್ಟಿ ಹಾಕುತ್ತದೆ. ಎದೆನೋವು ಅಂತ ಆಸ್ಪತ್ರೆಗೆ ಹೋದರೆ 'ಟ್ರೋಪೋನಿನ್ ಟೆಸ್ಟ್' ಮಾಡಿಸುತ್ತಾರಲ್ಲ, ಅಲ್ಲಿ ರಕ್ತದಲ್ಲಿ ಹುಡುಕುವುದು ನಮ್ಮ ಹೃದಯದ ಈ ಐ ಅಥವಾ ಟಿಯನ್ನೇ. ಟ್ರೋಪೋನಿನ್‌ ಅನ್ನು ಗುರುತಿಸಿ ಹೆಸರಿಟ್ಟವರು ಜಪಾನಿನ ಸೆತ್ಸುರೋ ಎಬಾಶಿ ಮತ್ತು ಅವರ ಸಂಗಡಿಗರು, 1965ರಲ್ಲಿ. ಅದಕ್ಕೂ ಮೊದಲು ಕ್ಯಾಲ್ಸಿಯಂನಂಥ ಸಾದಾ ಅಯಾನ್ ಒಂದು ಸ್ನಾಯುವನ್ನು ನಡೆಸುತ್ತದೆ ಅಂದರೆ ಎಷ್ಟೋ ಜನ ನಂಬುತ್ತಿರಲಿಲ್ಲ.

ಟ್ರೋಪೋನಿನ್ ಸಿ ಕ್ಯಾಲ್ಸಿಯಂ ಹಿಡಿದಾಗ ಅದರ ಆಕಾರ ಬದಲಾಗುತ್ತದೆ. ಒಳಗಿದ್ದ ಒಂದು ಅಂಟುವ ಜಾಗ ತೆರೆದುಕೊಳ್ಳುತ್ತದೆ. ಟ್ರೋಪೋನಿನ್ ಐ ಅಲ್ಲಿಯವರೆಗೆ ಆಕ್ಟಿನ್ ಎಂಬ ತೆಳು ಎಳೆಗೆ ಅಂಟಿಕೊಂಡಿದ್ದದ್ದು, ಈಗ ಅದನ್ನು ಬಿಟ್ಟು ಇಲ್ಲಿಗೆ ಬರುತ್ತದೆ. ಟ್ರೋಪೋಮಯೋಸಿನ್ ಎಳೆ ಪಕ್ಕಕ್ಕೆ ಜರುಗುತ್ತದೆ. ಮಯೋಸಿನ್ ಎಂಬ ದಪ್ಪ ಎಳೆಯ ತಲೆಗಳಿಗೆ ಆಕ್ಟಿನ್ ಸಿಗುತ್ತದೆ, ಹಿಡಿದು ಎಳೆಯುತ್ತವೆ, ಸ್ನಾಯು ಕುಗ್ಗುತ್ತದೆ. ಆಮೇಲೆ ಎಟಿಪಿ (ಜೀವಕೋಶದ ಇಂಧನ) ಖರ್ಚು ಮಾಡುವ ಪಂಪುಗಳು ಕ್ಯಾಲ್ಸಿಯಂ ಅನ್ನು ಚೀಲದೊಳಕ್ಕೆ ವಾಪಸ್ ತಳ್ಳುತ್ತವೆ. ಎರಡು ಕ್ಯಾಲ್ಸಿಯಂಗೆ ಒಂದು ಎಟಿಪಿ.

ಕ್ಯಾಲ್ಸಿಯಂ ಕೂರುವ ಜಾಗಕ್ಕೆ ಇಎಫ್-ಹ್ಯಾಂಡ್ ಅನ್ನುತ್ತಾರೆ. ಎರಡು ಸುರುಳಿಗಳ ನಡುವೆ 12 ಅಮೈನೋ ಆಮ್ಲಗಳ ಒಂದು ಕುಣಿಕೆ. 1973ರಲ್ಲಿ ರಾಬರ್ಟ್ ಕ್ರೆಟ್‌ಸಿಂಗರ್ ಕಾರ್ಪ್ ಮೀನಿನ ಸ್ನಾಯುವಿನ ಪಾರ್ವಾಲ್ಬುಮಿನ್ ಎಂಬ ಪ್ರೋಟೀನಿನಲ್ಲಿ ಇದನ್ನು ಕಂಡರು. ಆಮೇಲೆ ನೋಡಿದರೆ ಎಲ್ಲೆಲ್ಲೂ ಇದೇ: ಕ್ಯಾಲ್ಮೋಡ್ಯುಲಿನ್‌ನಲ್ಲಿ, ಟ್ರೋಪೋನಿನ್ ಸಿಯಲ್ಲಿ, ಮಯೋಸಿನ್ನಿಗೆ ಅಂಟಿರುವ ಲೈಟ್ ಚೈನ್ ಎಂಬ ಸಣ್ಣ ಪ್ರೋಟೀನುಗಳಲ್ಲಿ. ನಮ್ಮ ಕೈಕಾಲಿನ ವೇಗದ ಸ್ನಾಯುಗಳಲ್ಲಿರುವ ಟ್ರೋಪೋನಿನ್ ಸಿಗೆ ಇಂಥ 4 ಜಾಗಗಳಿವೆ, ನಾಲ್ಕೂ ಕೆಲಸ ಮಾಡುತ್ತವೆ. ನಮ್ಮ ಹೃದಯದ್ದರಲ್ಲಿ ಮೊದಲನೆಯದು ಕೆಟ್ಟಿದೆ, 3 ಮಾತ್ರ ಕ್ಯಾಲ್ಸಿಯಂ ಹಿಡಿಯುತ್ತವೆ. ಕೀಟದ ಹಾರಾಟದ ಸ್ನಾಯುವಿನಲ್ಲಿ ಎಷ್ಟು ಕೆಟ್ಟಿವೆ ಅನ್ನುವುದರಲ್ಲೇ ಗುಟ್ಟಿದೆ. ಅಲ್ಲಿಗೆ ಬರುತ್ತೇನೆ.

ಮಿಡತೆ, ಏರೋಪ್ಲೇನ್ ಚಿಟ್ಟೆ, ಪಾತರಗಿತ್ತಿ, ಪತಂಗ ಇವೆಲ್ಲ ಪಾಠದಲ್ಲಿ ಹೇಳಿದ ಹಾಗೆಯೇ ಹಾರುತ್ತವೆ. ನರದ ಸಂಕೇತ ಒಂದು, ರೆಕ್ಕೆ ಬಡಿತ ಒಂದು. ಇದಕ್ಕೆ ಸಿಂಕ್ರೋನಸ್ ಸ್ನಾಯು ಅನ್ನುತ್ತಾರೆ. ಮಿಡತೆ ಸೆಕೆಂಡಿಗೆ ಸುಮಾರು 20 ಸಲ ಬಡಿಯುತ್ತದೆ. ಅಷ್ಟು ವೇಗಕ್ಕೆ ಕ್ಯಾಲ್ಸಿಯಂ ಬಂದು ಹೋಗಲು ಬೇಕಾದಷ್ಟು ಸಮಯವಿದೆ.

ಆದರೆ ಹಣ್ಣುನೊಣ 200 ಸಲ ಬಡಿಯುತ್ತದೆ. ಜೇನುನೊಣ ಸುಮಾರು 230. ಹೆಣ್ಣು ಸೊಳ್ಳೆ 400ರಿಂದ 600. 500 ಅಂತ ಇಟ್ಟುಕೊಂಡರೆ ಒಂದು ಬಡಿತಕ್ಕೆ ಸಿಗುವುದು 2 ಮಿಲಿಸೆಕೆಂಡ್. ಅಷ್ಟರಲ್ಲಿ ಬಾಗಿಲು ತೆರೆಯಬೇಕು, ಕ್ಯಾಲ್ಸಿಯಂ ಹರಡಬೇಕು, ಅಂಟಬೇಕು, ಬಿಡಬೇಕು, ಪಂಪಾಗಬೇಕು. ಕಷ್ಟ, ಅಲ್ವಾ?

ಅಸಾಧ್ಯ ಅಂತ ಮಾತ್ರ ಹೇಳಬೇಡಿ. ಅಮೆರಿಕದ ಒಂದು ಜಾತಿಯ ಜೀರುಂಡೆ ಸದ್ದು ಮಾಡುವ ಸ್ನಾಯುವನ್ನು ಸೆಕೆಂಡಿಗೆ 550 ಸಲ, ಪ್ರತಿ ಸಲವೂ ನರದ ಸಂಕೇತಕ್ಕೆ ಸರಿಯಾಗಿ ಕುಗ್ಗಿಸುತ್ತದೆ. 1985ರಲ್ಲಿ ಜೋಸೆಫ್‌ಸನ್ ಮತ್ತು ಯಂಗ್ ಇದನ್ನು ಅಳೆದು ತೋರಿಸಿದರು. ಆದರೆ ಅದಕ್ಕೆ ಕೊಟ್ಟ ಬೆಲೆ ನೋಡಿ. ಇಷ್ಟು ವೇಗದ ಸಿಂಕ್ರೋನಸ್ ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಚೀಲಗಳೇ ತುಂಬಿಕೊಂಡಿರುತ್ತವೆ. ಎಳೆಯುವ ಆಕ್ಟಿನ್-ಮಯೋಸಿನ್‌ಗೆ ಜಾಗ ಕಡಿಮೆ, ಆದ್ದರಿಂದ ಬಲವೂ ಕಡಿಮೆ. ಕೂತಲ್ಲೇ ಕಿರ್ರ್ ಅನ್ನಲು ಅಷ್ಟು ಸಾಕು. ಮೈಭಾರ ಹೊತ್ತು ಗಾಳಿಯಲ್ಲಿ ನಿಲ್ಲಲು ಸಾಲುವುದಿಲ್ಲ.

ನೊಣ, ಸೊಳ್ಳೆ, ಜೇನು, ಕಣಜ, ದುಂಬಿ, ತಿಗಣೆಯ ಬಳಗದ ಎಷ್ಟೋ ಕೀಟಗಳು ಬೇರೆ ದಾರಿ ಹಿಡಿದಿವೆ. 1949ರಲ್ಲಿ ಇಂಗ್ಲೆಂಡಿನ ಜೆ.ಡಬ್ಲ್ಯು.ಎಸ್. ಪ್ರಿಂಗಲ್ ನೊಣದ ಹಾರಾಟದ ಸ್ನಾಯುವಿನಿಂದ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಸಂಕೇತಗಳು ಬರುತ್ತಿದ್ದವು, ಆದರೆ ರೆಕ್ಕೆ ಬಡಿತಕ್ಕೂ ಅವಕ್ಕೂ ತಾಳೆಯೇ ಇರಲಿಲ್ಲ. ಹಣ್ಣುನೊಣದ ಲೆಕ್ಕ ಹೇಳುತ್ತೇನೆ: ನರ ಸೆಕೆಂಡಿಗೆ ಸುಮಾರು 5 ಸಲ ಸಂಕೇತ ಕಳಿಸುತ್ತದೆ, ರೆಕ್ಕೆ 200 ಸಲ ಬಡಿಯುತ್ತದೆ. ಅಂದರೆ ಒಂದು ಸಂಕೇತಕ್ಕೆ 40 ಬಡಿತ. ಇಂಥ ಸ್ನಾಯುವಿಗೆ ಅಸಿಂಕ್ರೋನಸ್ ಸ್ನಾಯು ಅನ್ನುತ್ತಾರೆ. ಪ್ರಿಂಗಲ್ ಅಲ್ಲಿಗೇ ಬಿಡಲಿಲ್ಲ. ಸಿಲೋನಿನ ಜೀರುಂಡೆಗಳ ಮೇಲೆ ಕೆಲಸ ಮಾಡಿ, ಅಲ್ಲಿನ ಕೆಲವು ಜಾತಿಗಳ ಸದ್ದಿನ ಸ್ನಾಯುವೂ ಇದೇ ರೀತಿ ತನ್ನಷ್ಟಕ್ಕೆ ಮಿಡಿಯುತ್ತದೆ ಅಂತ 1954ರಲ್ಲಿ ಬರೆದರು. ಆಮೇಲೆ ಮಾಚಿನ್ ಜೊತೆ ಸೇರಿ ರೈನೋ ದುಂಬಿಯ ಸ್ನಾಯುವನ್ನು ಹಿಡಿದರು. ನಮ್ಮ ತೆಂಗಿನ ಸುಳಿ ಕೊರೆಯುವ ಅದೇ ಕುರುವಾಯಿ ಕೀಟ.

ಹಾಗಾದರೆ 40 ಬಡಿತದ ತಾಳ ಎಲ್ಲಿಂದ ಬರುತ್ತದೆ? ಎದೆಗೂಡಿನಿಂದ. ನೊಣದ ಈ ದೊಡ್ಡ ಸ್ನಾಯುಗಳು ರೆಕ್ಕೆಗೆ ನೇರವಾಗಿ ಅಂಟಿಕೊಂಡಿಲ್ಲ. ಒಂದು ಗುಂಪು ಎದೆಯ ಉದ್ದಕ್ಕೆ ಹಾಯ್ದಿದೆ, ಇನ್ನೊಂದು ಅದಕ್ಕೆ ಅಡ್ಡವಾಗಿ, ಮೇಲಿಂದ ಕೆಳಕ್ಕೆ. ಉದ್ದದ್ದು ಕುಗ್ಗಿದರೆ ಎದೆಯ ಗಟ್ಟಿ ಕವಚ ಬಾಗಿ ರೆಕ್ಕೆ ಕೆಳಗಿಳಿಯುತ್ತದೆ, ಅದೇ ಹೊತ್ತಿಗೆ ಅಡ್ಡದ ಸ್ನಾಯು ಹಿಗ್ಗುತ್ತದೆ. ಹಿಗ್ಗಿದ್ದೇ ತಡ, ಅದು ಕುಗ್ಗಿ ರೆಕ್ಕೆಯನ್ನು ಮೇಲೆತ್ತುತ್ತದೆ, ಆಗ ಉದ್ದದ್ದು ಹಿಗ್ಗುತ್ತದೆ. ಇಬ್ಬರು ಎದುರುಬದುರು ನಿಂತು ಮರ ಕೊಯ್ಯುವ ಗರಗಸ ನೋಡಿದ್ದೀರಲ್ಲ, ಒಬ್ಬ ಎಳೆದಾಗ ಇನ್ನೊಬ್ಬನ ಕೈ ಮುಂದಕ್ಕೆ ಹೋಗುತ್ತದೆ, ಅದೇ ಅವನಿಗೆ ಎಳೆಯುವ ಸೂಚನೆ. ಹೀಗೆ ಹಿಗ್ಗುವುದು, ಕುಗ್ಗುವುದು ಎಲ್ಲ ಸೇರಿ ಸ್ನಾಯುವಿನ ಉದ್ದದ 2-3 ಶೇಕಡಾ ಮಾತ್ರ.

ತಾಳ ಮೈಯಿಂದಲೇ ಬರುತ್ತದೆ ಅನ್ನುವುದಕ್ಕೆ ಒಂದು ಸರಳ ಸಾಕ್ಷಿ ಇದೆ. ಫಿನ್ಲೆಂಡಿನ ಓಲಾವಿ ಸೋಟವಾಲ್ಟ ಅನ್ನುವವರು ಹಾರುವ ಕೀಟದ ಗುಂಯ್‌ಗುಟ್ಟುವಿಕೆಯನ್ನು ಕೇಳಿ ಬರೀ ಕಿವಿಯಿಂದಲೇ ಶ್ರುತಿ ಹಿಡಿದು ರೆಕ್ಕೆ ಬಡಿತದ ವೇಗ ಹೇಳುತ್ತಿದ್ದರು. ರೆಕ್ಕೆಯ ತುದಿ ಕತ್ತರಿಸಿದರೆ ಶ್ರುತಿ ಏರುತ್ತದೆ ಅಂತ ಅವರು ತೋರಿಸಿದರು. ಭಾರ ಕಡಿಮೆಯಾದರೆ ಬಡಿತ ಜಾಸ್ತಿ. ನರ ತಾಳ ಹಾಕುತ್ತಿದ್ದರೆ ಹೀಗೆ ಆಗಬಾರದು. ಒಂದು ಬಗೆಯ ಪುಟ್ಟ ನುಸಿಯಲ್ಲಿ ಅವರು ಸೆಕೆಂಡಿಗೆ 1,000 ದಾಟಿದ ಬಡಿತ ಕಂಡರು. ರೆಕ್ಕೆ ಕತ್ತರಿಸಿ ಬಿಸಿ ಮಾಡಿದಾಗ 2,000 ದಾಟಿತು.

ಕತ್ತರಿ ಹಿಡಿಯದೆಯೂ ನೀವು ಇದನ್ನು ಕೇಳಬಹುದು. ಟೊಮೆಟೊ ಅಥವಾ ಬದನೆ ಹೂವಿಗೆ ಬರುವ ನೀಲಿ ಪಟ್ಟಿಯ ಜೇನನ್ನು ಗಮನಿಸಿ. ಮೈಮೇಲೆ ನೀಲಿ ಗೆರೆ, ತುಂಬಾ ಚುರುಕು. ಹಾರಿ ಬರುವಾಗ ಒಂದು ಶ್ರುತಿ. ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಮಡಚಿ, ಪರಾಗ ಉದುರಿಸಲು ಮೈ ನಡುಗಿಸುವಾಗ ತಟಕ್ಕನೆ ಶ್ರುತಿ ಮೇಲಕ್ಕೆ ಹೋಗುತ್ತದೆ. ಸ್ನಾಯು ಅದೇ, ಬೀಸುವ ರೆಕ್ಕೆಯ ಹೊರೆ ಇಲ್ಲ ಅಷ್ಟೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಿಕ್ಕಿಲ್ಲ. ಫೋನಿನಲ್ಲಿ ಶ್ರುತಿ ಅಳೆಯುವ ಆಪ್ ಇದ್ದರೆ ಅಂಕಿಯೂ ಸಿಗುತ್ತದೆ.

ಈಗ ಕ್ಯಾಲ್ಸಿಯಂ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ 1966ರದ್ದು. ಜುವೆಲ್ ಮತ್ತು ರೂಗ್ ಮಾಡಿದ್ದು. ಅವರು ಬಳಸಿದ್ದು ದೈತ್ಯ ನೀರುತಿಗಣೆಯನ್ನು, ಲೆಥೋಸೆರಸ್ ಅದರ ಕುಲದ ಹೆಸರು. ನಮ್ಮ ಕಡೆಯೂ ಮಳೆಗಾಲದ ರಾತ್ರಿ ದೀಪಕ್ಕೆ ಬಂದು ದಪ್ ಅಂತ ಬೀಳುವ, ಬೆರಳುದ್ದದ ಕಂದು ಕೀಟ ಇದರ ಜಾತಿಯದ್ದೇ. ಮಣಿಪುರದಲ್ಲಿ ಇದನ್ನು ತಿನ್ನುತ್ತಾರೆ. ವಿಜ್ಞಾನಿಗಳು ಇದನ್ನು ಮೆಚ್ಚುವುದಕ್ಕೆ ಕಾರಣ, ಇದರ ಹಾರಾಟದ ಸ್ನಾಯುವಿನ ಎಳೆಗಳು ಉದ್ದವಾಗಿವೆ, ಒಂದೊಂದಾಗಿ ಬಿಡಿಸಬಹುದು.

ಆ ಎಳೆಯನ್ನು ಗ್ಲಿಸರಾಲ್‌ನಲ್ಲಿ ನೆನೆಸಿಟ್ಟರೆ ಪೊರೆಗಳೆಲ್ಲ ಹಾಳಾಗುತ್ತವೆ. ನರ ಇಲ್ಲ, ಕ್ಯಾಲ್ಸಿಯಂ ಚೀಲ ಇಲ್ಲ, ಪಂಪ್ ಇಲ್ಲ. ಉಳಿಯುವುದು ಆಕ್ಟಿನ್, ಮಯೋಸಿನ್, ಟ್ರೋಪೋನಿನ್ ಇತ್ಯಾದಿ ಎಳೆಯ ಪ್ರೋಟೀನುಗಳು ಮಾತ್ರ. ಇಂಥ ಸತ್ತ ಎಳೆಯನ್ನು ಎಟಿಪಿ ಮತ್ತು ಸ್ವಲ್ಪ ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ಇಟ್ಟು, ತಾನಾಗಿ ಅಲುಗಾಡಬಲ್ಲ ಸಣ್ಣ ಸನ್ನೆಗೋಲಿಗೆ ಕಟ್ಟಿದರು. ಎಳೆ ತಾನಾಗಿ ಮಿಡಿಯತೊಡಗಿತು. ಹಿಗ್ಗು, ಕುಗ್ಗು, ಹಿಗ್ಗು, ಕುಗ್ಗು. ದ್ರಾವಣದ ಕ್ಯಾಲ್ಸಿಯಂ ಮಾತ್ರ ಇದ್ದಷ್ಟೇ ಇತ್ತು, ಒಂದು ಚೂರೂ ಬದಲಾಗಲಿಲ್ಲ. ಕ್ಯಾಲ್ಸಿಯಂ ಪೂರ್ತಿ ತೆಗೆದರೆ ಮಿಡಿತ ಇಲ್ಲ. ಅಂದರೆ ಕ್ಯಾಲ್ಸಿಯಂ ಬೇಕು, ಆದರೆ ಅದು ಏರಿಳಿಯಬೇಕಾಗಿಲ್ಲ.

ಎಳೆಯನ್ನು ಬರೀ ಒಮ್ಮೆ, ಶೇಕಡಾ 1ರಷ್ಟು ತಟ್ಟನೆ ಎಳೆದು ಹಿಡಿದರೆ ಏನಾಗುತ್ತದೆ ನೋಡಿ. ಬಿಗುವು ಒಮ್ಮೆ ಏರುತ್ತದೆ, ಯಾವ ದಾರವನ್ನು ಎಳೆದರೂ ಹಾಗೆಯೇ. ಕೂಡಲೇ ಇಳಿಯುತ್ತದೆ. ಆಮೇಲೆ, ಸ್ವಲ್ಪ ತಡವಾಗಿ, ಮತ್ತೆ ಏರುತ್ತದೆ. ಈ ಎರಡನೇ ಏರಿಕೆ ಮಯೋಸಿನ್ ಎಳೆಯುತ್ತಿರುವುದರ ಗುರುತು. ಎಳೆಯನ್ನು ಸಡಿಲ ಬಿಟ್ಟರೆ ಇದರ ತದ್ವಿರುದ್ಧ, ತಡವಾಗಿ ಬಿಗುವು ಇಳಿಯುತ್ತದೆ. ಆ ತಡವೇ ಮುಖ್ಯ. ತಡ ಇಲ್ಲದಿದ್ದರೆ ಸ್ನಾಯು ಬರೀ ಸ್ಪ್ರಿಂಗ್, ಅದರಿಂದ ಹಾರಾಟದ ಶಕ್ತಿ ಹುಟ್ಟುವುದಿಲ್ಲ. ಹಣ್ಣುನೊಣದಲ್ಲಿ ಈ ತಡ ಕೆಲವೇ ಮಿಲಿಸೆಕೆಂಡ್.

ಇಷ್ಟು ಗೊತ್ತಾದ ಮೇಲೂ ಒಂದು ಪ್ರಶ್ನೆ ಸುಮಾರು 40 ವರ್ಷ ಹಾಗೇ ಉಳಿದಿತ್ತು. ಎಳೆತಕ್ಕೆ ಓಗೊಡುವುದು ಯಾವ ಪ್ರೋಟೀನು? ಇದಕ್ಕೆ ಚೆನ್ನಾದ ಉತ್ತರ ಬಂದದ್ದು 2003-04ರಲ್ಲಿ, ಬೆಲಿಂಡಾ ಬುಲ್ಲರ್ಡ್ ಅವರ ಗುಂಪಿನಿಂದ. ನೀರುತಿಗಣೆಯ ಹಾರಾಟದ ಸ್ನಾಯುವಿನಲ್ಲಿ ಟ್ರೋಪೋನಿನ್ ಸಿ ಒಂದಲ್ಲ, ಎರಡು ಬಗೆಯದು ಇದೆ. ಎಫ್1 ಮತ್ತು ಎಫ್2 ಅಂತ ಹೆಸರು. ಎಫ್2 ಎರಡು ಕ್ಯಾಲ್ಸಿಯಂ ಹಿಡಿಯುತ್ತದೆ: ಒಂದು ತಲೆಯ ಅರ್ಧದಲ್ಲಿ, ಒಂದು ಬಾಲದ ಅರ್ಧದಲ್ಲಿ. ತಲೆಯ ಅರ್ಧವೇ ಸ್ನಾಯುವನ್ನು ನಿಯಂತ್ರಿಸುವ ಭಾಗ. ಹಾಗಾಗಿ ಎಫ್2 ಪಾಠದಲ್ಲಿರುವ ಟ್ರೋಪೋನಿನ್ ಸಿ ತರಹವೇ. ಎಫ್1 ಮಾತ್ರ ವಿಚಿತ್ರ. ಅದರ ನಾಲ್ಕು ಜಾಗಗಳಲ್ಲಿ ಮೂರು ಕೆಟ್ಟಿವೆ. ಬಾಲದ ತುದಿಯ ಒಂದೇ ಒಂದು ಜಾಗ ಕ್ಯಾಲ್ಸಿಯಂ ಹಿಡಿಯುತ್ತದೆ, ಅದೂ ಗಟ್ಟಿಯಾಗಿ. ನಿಯಂತ್ರಿಸುವ ಅರ್ಧಕ್ಕೆ ಕ್ಯಾಲ್ಸಿಯಂ ಬರುವುದೇ ಇಲ್ಲ. ಹಾರಾಟದ ಸ್ನಾಯುವಿನಲ್ಲಿ ಎಫ್1 ಜಾಸ್ತಿ, ಎಫ್2 ಕಡಿಮೆ.

ಅವರು ಮಾಡಿದ ಪ್ರಯೋಗ ಹೀಗಿದೆ. ಗ್ಲಿಸರಾಲ್‌ನಲ್ಲಿಟ್ಟ ಎಳೆಯಿಂದ ಇದ್ದ ಟ್ರೋಪೋನಿನ್ ಸಿ ತೆಗೆದು, ಬರೀ ಎಫ್1 ತುಂಬಿದರು. ಕ್ಯಾಲ್ಸಿಯಂ ಏರಿಸಿದರೆ ಬಲ ಹುಟ್ಟಲಿಲ್ಲ ಅನ್ನುವಷ್ಟು ಕಡಿಮೆ. ಎಳೆದರೆ ಬಲ ಬಂತು. ಇನ್ನೊಂದು ಎಳೆಗೆ ಬರೀ ಎಫ್2 ತುಂಬಿದರು. ಕ್ಯಾಲ್ಸಿಯಂ ಏರಿಸಿದಷ್ಟೂ ಬಲ ಏರಿತು, ಎಳೆತಕ್ಕೆ ಹೇಳಿಕೊಳ್ಳುವಂಥ ಉತ್ತರ ಇರಲಿಲ್ಲ. ಎರಡನ್ನೂ ಬೆರೆಸಿದರೆ ಎರಡು ಗುಣವೂ ಬಂದವು. ಒಂದೇ ಪ್ರೋಟೀನನ್ನು ಬದಲಿಸಿದ್ದರಿಂದ ಸ್ನಾಯುವಿನ ಸ್ವಭಾವವೇ ಬದಲಾಯಿತು. ಇಂಥ ಚೊಕ್ಕ ಫಲಿತಾಂಶ ಜೀವಶಾಸ್ತ್ರದಲ್ಲಿ ದಿನಾ ಸಿಗುವುದಿಲ್ಲ.

ಹಣ್ಣುನೊಣದಲ್ಲೂ ಹೀಗೇ ಜೋಡಿ ಇದೆ. ಹಾರಾಟದ ಸ್ನಾಯುವಿನಲ್ಲಿ ಮುಖ್ಯವಾಗಿರುವುದು ಎಫ್1ಗೆ ಸಮನಾದದ್ದು, ಕಾಲಿನ ನೆಗೆತದ ಸ್ನಾಯುವಿನಲ್ಲಿ ಎಫ್2ಗೆ ಸಮನಾದದ್ದು. 2017ರಲ್ಲಿ ಅಮೆರಿಕದ ಒಂದು ಗುಂಪು ಜೀನುಗಳನ್ನು ಒಂದೊಂದಾಗಿ ಅಳಿಸಿ ನೋಡಿತು. ಒಂದು ಇಲ್ಲದಿದ್ದರೆ ನೊಣ ಇನ್ನೊಂದನ್ನು ತಯಾರಿಸಿ ಆ ಜಾಗಕ್ಕೆ ತುಂಬುತ್ತದೆ. ಹಾರಾಟದ ಪ್ರೋಟೀನ್ ಕಾಲಿಗೆ ಬಂದರೂ ನೊಣ ನೆಗೆಯಿತು. ಕಾಲಿನ ಪ್ರೋಟೀನ್ ಹಾರಾಟದ ಸ್ನಾಯುವಿಗೆ ಬಂದಾಗ ಮಾತ್ರ ಸರಿಯಾಗಿ ಹಾರಲು ಆಗಲಿಲ್ಲ. ಕಾಲಿಗೆ ಯಾವುದಾದರೂ ನಡೆಯುತ್ತದೆ, ರೆಕ್ಕೆಗೆ ನಡೆಯುವುದಿಲ್ಲ.

ಎಳೆತ ಎಫ್1ಗೆ ಹೇಗೆ ತಲುಪುತ್ತದೆ ಅನ್ನುವುದರ ಮೇಲೆ ಇನ್ನೂ ಜಗಳ ಇದೆ. ನೀರುತಿಗಣೆಯ ಟ್ರೋಪೋನಿನ್ ಐಗೆ ಬೇರೆ ಪ್ರಾಣಿಗಳಲ್ಲಿ ಇಲ್ಲದ ಒಂದು ಉದ್ದನೆಯ ಬಾಲವಿದೆ. 2011ರಲ್ಲಿ ಸ್ನಾಯುವಿನ ಮೇಲೆ ಎಕ್ಸ್-ರೇ ಹಾಯಿಸಿ ನೋಡಿದವರು, ಕೆಲವು ಮಯೋಸಿನ್ ತಲೆಗಳು ನೇರ ಟ್ರೋಪೋನಿನ್‌ಗೇ ಸೇತುವೆ ಕಟ್ಟಿಕೊಂಡಿರುತ್ತವೆ, ಎಳೆದಾಗ ಆ ಸೇತುವೆ ಟ್ರೋಪೋನಿನ್‌ ಅನ್ನು ಜಗ್ಗಿ ಟ್ರೋಪೋಮಯೋಸಿನ್‌ ಅನ್ನು ಸರಿಸುತ್ತದೆ ಅಂದರು. ಕ್ಯಾಲ್ಸಿಯಂ ಮಾಡಬೇಕಿದ್ದ ಕೆಲಸವನ್ನು ಒಂದು ಜಗ್ಗಾಟ ಮಾಡುತ್ತದೆ ಅಂದ ಹಾಗೆ. ಪ್ರೋಜೆಕ್ಟಿನ್, ಕೆಟ್ಟಿನ್ ಅನ್ನುವ ಬಿಗಿ ಪ್ರೋಟೀನುಗಳು ಮಯೋಸಿನ್ ಎಳೆಯನ್ನು ತುದಿಗೆ ಕಟ್ಟಿ ಹಾಕಿರುವುದೂ ಮುಖ್ಯ ಅನ್ನುವವರಿದ್ದಾರೆ. ನನಗೆ ಸೇತುವೆಯ ವಾದ ಹೆಚ್ಚು ಒಪ್ಪಿಗೆಯಾಗುತ್ತದೆ, ಯಾಕೆಂದರೆ ಅದು ಕಣ್ಣಿಗೆ ಕಂಡ ಚಿತ್ರದಿಂದ ಬಂದದ್ದು. ಎರಡೂ ಸೇರಿ ಕೆಲಸ ಮಾಡುತ್ತಿದ್ದರೂ ಆಶ್ಚರ್ಯವಿಲ್ಲ.

ಹಾಗಾದರೆ ನರದ ಆ 5 ಸಂಕೇತ ಯಾಕೆ ಬೇಕು? ಹಾರಾಟ ನಡೆಯುವಷ್ಟು ಹೊತ್ತು ಕ್ಯಾಲ್ಸಿಯಂ ಇಳಿಯದಂತೆ ಹಿಡಿದಿಡಲು. ಸಂಕೇತ ನಿಂತರೆ ಚೀಲಗಳು ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ, ಎಳೆದರೂ ಸ್ನಾಯು ಏಳುವುದಿಲ್ಲ, ನೊಣ ಕೂರುತ್ತದೆ. ಇಷ್ಟೇ ಅಲ್ಲ. ಕ್ಯಾಲ್ಸಿಯಂ ಮಟ್ಟವೇ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. 2006ರಲ್ಲಿ ಗಾರ್ಡನ್ ಮತ್ತು ಡಿಕಿನ್ಸನ್, ಕ್ಯಾಲ್ಸಿಯಂಗೆ ತಕ್ಕಂತೆ ಹೊಳಪು ಬದಲಿಸುವ ಪ್ರೋಟೀನನ್ನು ಹಣ್ಣುನೊಣದ ಸ್ನಾಯುವಿನಲ್ಲೇ ತಯಾರಾಗುವಂತೆ ಮಾಡಿ, ನೊಣವನ್ನು ಕಟ್ಟಿ ಹಾರಿಸಿದರು. ನೊಣ ಹೆಚ್ಚು ಶಕ್ತಿ ಹಾಕಬೇಕಾದಾಗ ನರದ ಸಂಕೇತ ಚುರುಕಾಯಿತು, ಕ್ಯಾಲ್ಸಿಯಂ ಏರಿತು. ಒಟ್ಟು ಶಕ್ತಿ ಎಷ್ಟು ಅನ್ನುವುದು ಕ್ಯಾಲ್ಸಿಯಂ ಕೈಯಲ್ಲಿ, ಯಾವ ಕ್ಷಣ ಕುಗ್ಗಬೇಕು ಅನ್ನುವುದು ಎಳೆತದ ಕೈಯಲ್ಲಿ. ನಿಮ್ಮ ಹುಡುಗನಿಗೆ ಇದೊಂದು ಸಾಲು ಹೇಳಿದರೂ ಸಾಕು. ಮಯೋಸಿನ್ನಿನ ಲೈಟ್ ಚೈನ್‌ಗೆ ಫಾಸ್ಫೇಟ್ ಸೇರಿಸುವ ಕಿಣ್ವವೂ ಕ್ಯಾಲ್ಮೋಡ್ಯುಲಿನ್ ಮೂಲಕ ಕ್ಯಾಲ್ಸಿಯಂನ ಮಾತು ಕೇಳುತ್ತದೆ. ಆ ಫಾಸ್ಫೇಟ್ ಇಲ್ಲದಿದ್ದರೆ ನೊಣದ ಶಕ್ತಿ ಕುಗ್ಗುತ್ತದೆ. ಅದು ನಿಧಾನದ ಹೊಂದಾಣಿಕೆ, ಹೆಚ್ಚು ಹೇಳುವುದಿಲ್ಲ.

ಎಫ್2 ಯಾಕಿದೆ ಅನ್ನುವುದೂ ಒಳ್ಳೆಯ ಪ್ರಶ್ನೆ. ಜೇನುನೊಣ ಚಳಿಯಲ್ಲಿ ಹಾರುವ ಮೊದಲು ರೆಕ್ಕೆ ಅಲ್ಲಾಡಿಸದೆ ಎದೆಯ ಸ್ನಾಯು ಬಿಗಿಹಿಡಿದು ಮೈ ಕಾಯಿಸಿಕೊಳ್ಳುತ್ತದೆ. ಆಗ ನರದ ಸಂಕೇತಗಳು ಹತ್ತಿರ ಹತ್ತಿರ ಬರುತ್ತವೆ, ಉದ್ದದ ಸ್ನಾಯು, ಅಡ್ಡದ ಸ್ನಾಯು ಎರಡೂ ಒಟ್ಟಿಗೆ ಬಿಗಿಯಾಗುತ್ತವೆ. ನೀರುತಿಗಣೆಯೂ ಹಾರುವ ಮೊದಲು ಹೀಗೆ ಬಿಸಿಯಾಗುತ್ತದೆ. ಎಳೆತವಿಲ್ಲದೆ ಬರೀ ಕ್ಯಾಲ್ಸಿಯಂನಿಂದ ಬಿಗಿಯಬೇಕಾದಾಗ ಎಫ್2 ಬೇಕೇ ಬೇಕು. ಗೂಡಿನೊಳಗೆ ಮರಿಗಳನ್ನು 34-35 ಡಿಗ್ರಿಯಲ್ಲಿ ಇಡುವುದೂ ಇದೇ ಸ್ನಾಯು. ನಮ್ಮ ಮಲೆನಾಡಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಜಪಾನಿ ಸಂಬಂಧಿಗಳು ದೊಡ್ಡ ಕಣಜ ಬಂದರೆ ನೂರಾರು ಸೇರಿ ಅದನ್ನು ಮುತ್ತಿ ಉಂಡೆಯಾಗಿ, ಸ್ನಾಯು ನಡುಗಿಸಿ ಒಳಗೆ 46-47 ಡಿಗ್ರಿ ಮಾಡಿ ಬೇಯಿಸಿ ಕೊಲ್ಲುತ್ತವೆ.

ಈ ನಿಯಂತ್ರಣ ಕೆಟ್ಟರೆ ಏನಾಗುತ್ತದೆ ಅನ್ನುವುದರಲ್ಲಿ ನಮ್ಮ ರಾಜ್ಯದ ಕೆಲಸವೂ ಇದೆ. ಹಣ್ಣುನೊಣದಲ್ಲಿ ರೆಕ್ಕೆ ಸದಾ ಮೇಲೆತ್ತಿಕೊಂಡೇ ಇರುವ, ಹಾರಲಾಗದ ತಳಿಗಳಿವೆ. 1991ರಲ್ಲಿ ತಿಳಿದದ್ದು, ಅವುಗಳ ಟ್ರೋಪೋನಿನ್ ಐ ಕೆಟ್ಟಿದೆ ಅಂತ. ತಡೆಯುವ ಪ್ರೋಟೀನ್ ಕೈಕೊಟ್ಟರೆ ಮಯೋಸಿನ್‌ಗೆ ಹಿಡಿತವಿಲ್ಲ, ಸ್ನಾಯು ತನ್ನನ್ನು ತಾನೇ ಎಳೆದು ಹರಿದುಕೊಳ್ಳುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಉಪೇಂದ್ರ ನೊಂಗ್‌ಥೊಂಬಾ ಮತ್ತು ಎನ್.ಬಿ. ರಾಮಚಂದ್ರ ಹಾರಾಟದ ಸ್ನಾಯು ಕೆಟ್ಟ ಹೊಸ ತಳಿಗಳನ್ನು ಹುಡುಕಿ ತೆಗೆದು 1999ರಲ್ಲಿ ಪ್ರಕಟಿಸಿದರು. 2003ರಲ್ಲಿ ನೊಂಗ್‌ಥೊಂಬಾ ಮತ್ತು ಸಂಗಡಿಗರು ಇನ್ನೊಂದು ಸೊಗಸಾದ ವಿಷಯ ತೋರಿಸಿದರು: ಇಂಥ ನೊಣದಲ್ಲಿ ಮಯೋಸಿನ್ನಿನ ಜೀನಿಗೂ ಕೆಲವು ಬದಲಾವಣೆ ಆದರೆ ಸ್ನಾಯು ಹರಿಯುವುದು ತಪ್ಪುತ್ತದೆ. ಎಳೆಯುವವನ ಬಲ ಕುಗ್ಗಿದರೆ ಹಾನಿಯೂ ಇಲ್ಲ. ನೊಂಗ್‌ಥೊಂಬಾ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ಮುಂದುವರಿಸಿದರು.

ಒಂದು ಎಚ್ಚರಿಕೆ. ಸೊಳ್ಳೆಯ ಮೈಯಲ್ಲಿ ಎಲ್ಲ ಸ್ನಾಯುವೂ ಹೀಗಲ್ಲ. ಕಾಲು, ಬಾಯಿ, ರೆಕ್ಕೆಯನ್ನು ಆಚೀಚೆ ತಿರುಗಿಸುವ ಸಣ್ಣ ಸ್ನಾಯುಗಳು ಪಾಠದಲ್ಲಿರುವ ಹಾಗೆಯೇ, ಸಂಕೇತಕ್ಕೊಂದು ಕುಗ್ಗು. ಎರಡು ಬಗೆಯ ನಡುವೆ ಗೋಡೆಯೂ ಇಲ್ಲ. ಪತಂಗ ಸಿಂಕ್ರೋನಸ್ ಅಂತ ಹೇಳಿದೆನಲ್ಲ, 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸದ ಪ್ರಕಾರ ಅದರ ಸ್ನಾಯುವಿಗೂ ಎಳೆತಕ್ಕೆ ತಡವಾಗಿ ಓಗೊಡುವ ಗುಣ ಒಂದಿಷ್ಟು ಇದೆ.

ಈಗ ನಿಮ್ಮ ಮೆಕ್ಕೆಜೋಳ. ಸೈನಿಕ ಹುಳು, ಅಂದರೆ ಫಾಲ್ ಸೈನಿಕ ಹುಳು, ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ ಶಿವಮೊಗ್ಗದಲ್ಲಿ. ಕೊರಾಜನ್‌ನಲ್ಲಿರುವುದು ಕ್ಲೋರಾಂಟ್ರಾನಿಲಿಪ್ರೋಲ್. ನೀವು ಕೇಳಿದ್ದು ನಿಜ. ಅದು ನೇರ ಹೋಗಿ ಕೂರುವುದು ರಯನೋಡಿನ್ ರಿಸೆಪ್ಟರ್ ಮೇಲೆ, ಕ್ಯಾಲ್ಸಿಯಂ ಚೀಲದ ಬಾಗಿಲು. ಬಾಗಿಲನ್ನು ತೆರೆದೇ ಇಡುತ್ತದೆ. ದಕ್ಷಿಣ ಅಮೆರಿಕದ ರಯಾನಿಯಾ ಗಿಡದ ಕಾಂಡದ ಪುಡಿಯನ್ನು 1940ರ ದಶಕದಲ್ಲೇ ಕೀಟನಾಶಕವಾಗಿ ಮಾರುತ್ತಿದ್ದರು, ಬಾಗಿಲಿಗೆ ಆ ಹೆಸರು ಬಂದದ್ದು ಅದರ ವಿಷದಿಂದ.

ಹುಳುವಿನ ಸ್ನಾಯುಗಳಲ್ಲಿ ಎಫ್1ನಂಥ ಆಟ ಇಲ್ಲ. ಅಲ್ಲಿನ ಟ್ರೋಪೋನಿನ್ ಸಿ ಕ್ಯಾಲ್ಸಿಯಂ ಹೇಳಿದಂತೆ ಕೇಳುತ್ತದೆ. ಕ್ಯಾಲ್ಸಿಯಂ ಹರಿದು ಬಂದರೆ ಕುಗ್ಗಲೇಬೇಕು. ಚೀಲ ಖಾಲಿಯಾಗುವವರೆಗೂ ಬಿಗುವು, ಆಮೇಲೆ ಮತ್ತೆ ಕುಗ್ಗಲು ಕ್ಯಾಲ್ಸಿಯಂ ಇಲ್ಲ. ಔಷಧಿ ತಿಂದ ಹುಳುವನ್ನು ಅಂಗೈ ಮೇಲೆ ಇಟ್ಟು ನೋಡಿ, ಕೈಗವಸು ಹಾಕಿಕೊಂಡೇ. ಮೈ ಮೋಟಾಗಿ, ಉಬ್ಬಿದಂತೆ ಕಾಣುತ್ತದೆ. ಮುಟ್ಟಿದರೆ ಸರಿಯಾಗಿ ಹೊರಳಲಾರದು. ದವಡೆಯ ಸ್ನಾಯುವೂ ಕೆಲಸ ಬಿಟ್ಟಿರುವುದರಿಂದ ಕಚ್ಚಲಾಗುವುದಿಲ್ಲ. ತಿನ್ನುವುದು ನಿಲ್ಲುವುದು ಕೆಲವೇ ಗಂಟೆಗಳಲ್ಲಿ, ಸಾಯುವುದು ಒಂದರಿಂದ ಮೂರು ದಿನದಲ್ಲಿ, ಕೆಲವು ಸಲ ಇನ್ನೂ ತಡವಾಗಿ. ನಮಗೂ ರಯನೋಡಿನ್ ರಿಸೆಪ್ಟರ್ ಇದೆ, ಆದರೆ ಈ ಔಷಧಿ ಕೀಟದ ರಿಸೆಪ್ಟರಿಗೆ ಅಂಟುವಷ್ಟು ನಮ್ಮದಕ್ಕೆ ಅಂಟುವುದಿಲ್ಲ. ಹಾಗಂತ ಮಾಸ್ಕು, ಕೈಗವಸು ಬಿಡಬೇಡಿ.

ಈ ಬಾಗಿಲಿನ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧಿ ಹಿಡಿಯುವುದಿಲ್ಲ. ಎಲೆಕೋಸಿನ ವಜ್ರಬೆನ್ನಿನ ಪತಂಗದಲ್ಲಿ 4946ನೇ ಜಾಗದ ಗ್ಲೈಸಿನ್ ಗ್ಲುಟಮಿಕ್ ಆಮ್ಲವಾದ ತಳಿಗಳು ಫಿಲಿಪ್ಪೀನ್ಸ್, ಥಾಯ್ಲೆಂಡ್‌ಗಳಲ್ಲಿ ಸಿಕ್ಕಿವೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದಷ್ಟೂ ಅಂಥವು ಉಳಿದು ಬೆಳೆಯುತ್ತವೆ. ಫ್ಲೂಬೆಂಡಿಯಮೈಡ್ ಕೂಡ ಇದೇ ಬಾಗಿಲಿಗೆ ಕೂರುವುದು, ಹಾಗಾಗಿ ಇದರ ಬದಲು ಅದನ್ನು ಹೊಡೆದರೆ ಔಷಧಿ ಬದಲಿಸಿದಂತೆ ಆಗುವುದಿಲ್ಲ. ಮಾರನೇ ದಿನ ಹುಳು ಇನ್ನೂ ಜೀವಂತ ಕಂಡಿತು ಅಂತ ಸುಮ್ನೆ ಎರಡನೇ ಸಲ ಹೊಡೆಯಬೇಡಿ. ಸುಳಿಯ ಎಲೆಯಲ್ಲಿ ಹೊಸ ತೂತು ಇದೆಯಾ, ಹಸಿ ಲದ್ದಿ ಬಿದ್ದಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಔಷಧಿ ಕೆಲಸ ಮಾಡಿದೆ.